ಯೀಸ್ಟಿನ ‘ಶಕ್ತಿ ಸಂಗ್ರಹ’ಕ್ಕೆ ದಾಸ್ತಾನು ಅನ್ನಬಹುದೇ? ಅದರ ಹನಿ ಕೊಬ್ಬಿನದೋ, ಎಣ್ಣೆಯದೋ?

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ನಮ್ಮ ಪದವಿ ಮಕ್ಕಳಿಗಾಗಿ ಚಳಿಯಲ್ಲೇ ಬೆಳೆಯುವ ಯೀಸ್ಟ್‌ಗಳ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಅಂಟಾರ್ಕ್ಟಿಕಾದಲ್ಲಿ ಸಿಗುವ ಮ್ರಾಕಿಯಾದಂಥ ಯೀಸ್ಟ್‌ಗಳು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೂ ಬೆಳೆಯುತ್ತವೆ. 20 ಡಿಗ್ರಿ ದಾಟಿದರೆ ಬೆಳೆಯುವುದೇ ನಿಲ್ಲುವಂಥವನ್ನು ‘ಚಳಿಪ್ರಿಯ’ ಎಂದಿದ್ದೇನೆ. ಚಳಿಯಲ್ಲೂ ಬದುಕಿ, ಬೆಚ್ಚಗಿದ್ದರೆ ಇನ್ನೂ ಚೆನ್ನಾಗಿ ಬೆಳೆಯುವಂಥವನ್ನು ‘ಚಳಿ ತಾಳುವ’ ಎಂದಿದ್ದೇನೆ. 1975ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಮೊರಿಟಾ ಎಳೆದ ಗೆರೆ ಇದು. ಇಲ್ಲಿ ತಕರಾರಿಲ್ಲ.

ತೊಡಕು ಇರುವುದು, ಯೀಸ್ಟ್ ಮುಂದಕ್ಕೆಂದು ಕೂಡಿಡುವುದಕ್ಕೆ ಹೇಳುವ ‘ಶಕ್ತಿ ಸಂಗ್ರಹ’ ಅನ್ನುವ ಪದದಲ್ಲಿ. ಜೀವಕೋಶ ಕೂಡಿಡುವುದು ಸರಕನ್ನು, ಅಲ್ವಾ? ಗ್ಲೈಕೋಜನ್ (ಗ್ಲೂಕೋಸ್‌ಗಳ ಕವಲೊಡೆದ ಸರಪಳಿ), ಟ್ರೆಹಲೋಸ್, ಟ್ರೈಗ್ಲಿಸರೈಡ್ (ಕೊಬ್ಬು, ಎಣ್ಣೆಗಳ ಮುಖ್ಯ ಅಂಶ) ಮುಖ್ಯವಾದವು. ಟ್ರೆಹಲೋಸ್ ಎರಡು ಗ್ಲೂಕೋಸ್ ಸೇರಿದ ಸಕ್ಕರೆ. ತಿನ್ನಲು ಸಿಗದಾಗ ಯೀಸ್ಟ್ ಅದನ್ನು ಒಡೆದು ಶಕ್ತಿ ಪಡೆಯುತ್ತದೆ, ನಿಜ. ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ ಪ್ರೋಟೀನು, ಪೊರೆ ಕೆಡದಂತೆ ಕಾಯುವುದೂ ಅದೇ. ಟ್ರೈಗ್ಲಿಸರೈಡ್ ಕೂಡ ಸುಮ್ನೆ ಉರಿಸುವುದಕ್ಕೆ ಇಟ್ಟದ್ದಲ್ಲ. ಹೊಸ ಪೊರೆ ಕಟ್ಟುವಾಗ ಬೇಕಾದ ಕೊಬ್ಬಿನ ಆಮ್ಲಗಳನ್ನು ಯೀಸ್ಟ್ ಅದರಿಂದಲೂ ತೆಗೆದುಕೊಳ್ಳುತ್ತದೆ. ‘ಶಕ್ತಿ’ ಅಂದರೆ ಈ ಅರ್ಧ ಕೆಲಸ ಕಣ್ಮರೆಯಾಗುತ್ತದೆ. ‘ಮೀಸಲು’ ಅಂದರೆ ಒಂದೇ ಉದ್ದೇಶಕ್ಕೆ ತೆಗೆದಿಟ್ಟದ್ದು ಅನ್ನಿಸುತ್ತದೆ. ‘ಇಡುಗಂಟು’ ಅಂದರೆ ದುಡ್ಡೇ ನೆನಪಾಗುತ್ತದೆ. ನನ್ನ ಒಲವು ‘ದಾಸ್ತಾನು’ ಕಡೆಗೆ. ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿ ದಾಸ್ತಾನು ಮಾಡುವ ನಮ್ಮೂರಿನಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಗ್ಲೈಕೋಜನ್ ಅನ್ನು ‘ಪ್ರಾಣಿ ಪಿಷ್ಟ’ ಅನ್ನುವುದುಂಟು. ಯೀಸ್ಟ್ ಶಿಲೀಂಧ್ರ, ಅದರಲ್ಲೂ ಗ್ಲೈಕೋಜನ್ ಇದೆ. ಹೊಟ್ಟೆ ತುಂಬಿದ ಬೇಕರಿ ಯೀಸ್ಟಿಗೆ ಒಂದು ಹನಿ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಒಳಗೆ ಕೆಂಗಂದು ಬಣ್ಣ ಬರುತ್ತದೆ, ಪಿಷ್ಟದ ಕಡುನೀಲಿಯಲ್ಲ. ಹಾಗಾಗಿ ಆ ಹೆಸರನ್ನು ಪಾಠದಿಂದ ತೆಗೆದಿದ್ದೇನೆ.

ಎರಡನೆಯದು ಲಿಪಿಡ್ ಡ್ರಾಪ್ಲೆಟ್, ಅಂದರೆ ಕೋಶದೊಳಗೆ ಕೊಬ್ಬು ಕೂಡಿಡುವ ಹನಿ. ಸಕ್ಕರೆ ಇದ್ದೂ ಸಾರಜನಕ ಮುಗಿದುಹೋದರೆ ಯೀಸ್ಟ್ ಹೊಸ ಪ್ರೋಟೀನ್ ಕಟ್ಟಲಾರದು. ಕೋಶ ಒಡೆದು ಎರಡಾಗುವುದು ನಿಲ್ಲುತ್ತದೆ. ಮಿಕ್ಕ ಸಕ್ಕರೆಯನ್ನು ಕೆಲವು ಜಾತಿಗಳು ಕೊಬ್ಬಾಗಿ ಮಾರ್ಪಡಿಸಿ ಸಣ್ಣ ಸಣ್ಣ ಹನಿಗಳಲ್ಲಿ ಇಡುತ್ತವೆ. ಒಣತೂಕದ ಶೇಕಡಾ 20ಕ್ಕಿಂತ ಜಾಸ್ತಿ ಹೀಗೆ ಕೂಡಿಡುವಂಥವೂ ಇವೆ. ಇದನ್ನು ‘ಕೊಬ್ಬಿನ ಚೀಲ’ ಎಂದು ಬರೆದರೆ ತಪ್ಪಾಗುತ್ತದೆ. ಕೋಶದ ಪೊರೆಗೆ ಎರಡು ಪದರ, ಈ ಹನಿಯ ಸುತ್ತ ಒಂದೇ ಪದರ. ಹನಿ ಅನ್ನುವುದೇ ಸರಿ.

ಆದರೆ ಕೊಬ್ಬಿನ ಹನಿಯೋ, ಎಣ್ಣೆ ಹನಿಯೋ? ಕೊಬ್ಬು ಅಂದರೆ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಗಟ್ಟಿ ಪದಾರ್ಥ. ಡಿಸೆಂಬರಿನ ಬೆಳಿಗ್ಗೆ ಇಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ. ಪಕ್ಕದ ಕುಸುಬಿ ಎಣ್ಣೆ ಸಲೀಸಾಗಿ ಸುರಿಯುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನ ಆಮ್ಲಗಳು ಹೆಚ್ಚಾಗಿ ನೇರ ಸರಪಳಿಗಳು, ಒತ್ತಾಗಿ ಜೋಡಿಕೊಳ್ಳುತ್ತವೆ. ಕುಸುಬಿಯಲ್ಲಿ ಜಾಸ್ತಿ ಇರುವ ಲಿನೊಲಿಕ್ ಆಮ್ಲದ ಸರಪಳಿ ಎರಡು ಕಡೆ ಬಾಗಿರುತ್ತದೆ, ಒತ್ತಾಗಿ ಕೂಡುವುದಿಲ್ಲ. ಚಳಿಯ ಯೀಸ್ಟ್‌ಗಳೂ ಇಂಥ ಬಾಗಿದ ಸರಪಳಿಗಳನ್ನೇ ಹೆಚ್ಚಿಸಿಕೊಂಡು ಪೊರೆಯನ್ನು ಮೆತ್ತಗೆ ಇಟ್ಟುಕೊಳ್ಳುತ್ತವೆ. ಹನಿಯೊಳಗಿನ ದಾಸ್ತಾನಿನಲ್ಲೂ ಅವು ಇರುತ್ತವೆ. ಅದಕ್ಕೇ ‘ಎಣ್ಣೆ ಹನಿ’ ನನಗೆ ಜಾಸ್ತಿ ಹೊಂದುತ್ತದೆ ಅನ್ನಿಸಿದೆ.

ಒಂದೇ ಅಳುಕು. ಆ ಹನಿಯಲ್ಲಿ ಟ್ರೈಗ್ಲಿಸರೈಡ್ ಜೊತೆ ಸ್ಟೆರಾಲ್ ಎಸ್ಟರ್‌ಗಳೂ (ಕೊಲೆಸ್ಟರಾಲ್‌ನಂಥ ಸ್ಟೆರಾಲಿಗೆ ಕೊಬ್ಬಿನ ಆಮ್ಲ ಸೇರಿದವು) ಇರುತ್ತವೆ. ಅವನ್ನು ಎಣ್ಣೆ ಅನ್ನಲಾಗದು. ರಸಾಯನಶಾಸ್ತ್ರ ಕಲಿಸುವವರು ಹೇಳಿ: ಇಷ್ಟಕ್ಕೇ ‘ಎಣ್ಣೆ ಹನಿ’ ಬಿಟ್ಟು ‘ಲಿಪಿಡ್ ಹನಿ’ ಎಂದೇ ಬರೆಯಬೇಕೇ?