ಆನ್‌ಲೈನ್ ಬಟ್ಟೆ ತಗೊಳೋದು ಬಿಟ್ಟು ದುಡ್ಡು ಉಳಿಸಿದವರು ಇದ್ದೀರಾ? ಮನೇಲಿ ಹೊಲಿಗೆ ಮಷಿನ್ ಇದೆ

ಪ್ರಶ್ನೆ (ಮೈಸೂರು)
ಎಲ್ಲರಿಗೂ ನಮಸ್ಕಾರ. ಮೊನ್ನೆ ಕೂತು ಒಂದು ವರ್ಷದ ಆರ್ಡರ್ ಎಲ್ಲಾ ಕೂಡಿ ನೋಡ್ದೆ, ಬರೀ ಕುರ್ತಿ ಟಾಪ್ ಲೆಗ್ಗಿಂಗ್ಸ್‌ಗೇ 31 ಸಾವಿರ ಆಗಿದೆ, ನನ್ನ ಸಂಬಳ ತಿಂಗಳಿಗೆ 22 ಸಾವಿರ. 399, 499 ಅಂತ ತಗೊಂಡಿದ್ದು ಆಗ ಜಾಸ್ತಿ ಅನ್ಸಿರ್ಲಿಲ್ಲ. ನಾಲ್ಕು ಸಲ ಒಗೆಯೋಷ್ಟ್ರಲ್ಲಿ ಮೈತುಂಬಾ ಸಣ್ಣ ಸಣ್ಣ ಉಂಡೆ ಕಟ್ಟುತ್ತೆ, ಆಮೇಲೆ ಬೀರು ಮೂಲೆಗೆ. ಅಮ್ಮನ ಕಾಲಲ್ಲಿ ತುಳಿಯೋ ಮಷಿನ್ ಇದೆ, ಫಾಲ್ ಹಾಕೋಕೆ ಬರುತ್ತೆ. ಇದರಿಂದ ಏನಾದ್ರೂ ಸಂಪಾದನೆ ಆಗುತ್ತಾ?

ಉತ್ತರ (ಬೆಂಗಳೂರು)
ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ 9 ವರ್ಷ ಹೋಗಿದ್ದೀನಿ ಕಣಮ್ಮ. ಬಟ್ಟೆ ತಗೊಳೋ ಮುಂಚೆ ಒಳಗಡೆ ತಿರುಗಿಸಿ ನೋಡು, ಪಕ್ಕದ ಹೊಲಿಗೆಯಲ್ಲಿ ಮಾರ್ಜಿನ್ (ಒಳಗಡೆ ಬಿಡೋ ಹೆಚ್ಚುವರಿ ಬಟ್ಟೆ) ಇಲ್ದೆ ಬರೀ ಓವರ್‌ಲಾಕ್ (ಅಂಚಿನ ನೂಲು ಬಿಚ್ಚದ ಹಾಗೆ ಸುತ್ತಿ ಹಾಕೋ ಹೊಲಿಗೆ) ಹೊಡೆದಿದ್ರೆ ನೀನು ಸ್ವಲ್ಪ ದಪ್ಪ ಆದ್ರೂ ಅದನ್ನ ಬಿಚ್ಚಿ ಅಗಲ ಮಾಡೋಕಾಗಲ್ಲ, ಎಸೀಬೇಕು ಅಷ್ಟೇ. ಮೀಟರ್ ಲೆಕ್ಕದಲ್ಲಿ ಕಾಟನ್ ತಗೊಂಡು ಒಂದಿಂಚು ಮಾರ್ಜಿನ್ ಬಿಟ್ಟು ಹೊಲಿಸು, ನನ್ನವು 5 ವರ್ಷದಿಂದ ಹಾಕ್ತಿದ್ದೀನಿ. 2013ರಲ್ಲಿ ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ಸ್ ಇದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ರಲ್ಲ, ಅವತ್ತು ನಮ್ಮ ಲೈನಲ್ಲಿ ಯಾರಿಗೂ ಊಟ ಸೇರ್ಲಿಲ್ಲ, ಅವರೂ ನಮ್ಮ ಥರ ಮಷಿನ್ ಮುಂದೆ ಕೂತವ್ರೇ. ಅಷ್ಟು ಅಗ್ಗಕ್ಕೆ ಯಾಕೆ ಸಿಗುತ್ತೆ ಅಂತ ನಮಗೆ ಚೆನ್ನಾಗಿ ಗೊತ್ತು.
ಸಂಪಾದನೆ ಅಂದ್ರೆ ಫಾಲ್, ಜಿಗ್‌ಜಾಗ್, ಚೂಡಿದಾರ್ ಫಿಟ್ಟಿಂಗ್, ಇದಕ್ಕೆ ಬೀದಿ ಬೀದಿಲೂ ಕೆಲಸ ಇದೆ. ಕುಚ್ಚು ಕಟ್ಟೋದು ಕಲಿ. ನಮ್ಮ ಏರಿಯಾದಲ್ಲಿ ಸಾದಾ ಕುಚ್ಚಿಗೆ 250, ಮಣಿ ಹಾಕಿದ್ರೆ 600ರ ಮೇಲೆ, ಮದುವೆ ಸೀಸನ್‌ನಲ್ಲಿ ತಿಂಗಳಿಗೆ 6 ಸಾವಿರ ಬರುತ್ತೆ ನಂಗೆ, ಆಷಾಢದಲ್ಲಿ ಸಾವಿರ ಬಂದ್ರೆ ಹೆಚ್ಚು.

ಉತ್ತರ (ಧಾರವಾಡ)
ಅಕ್ಕಾರ, ಹಳೆ ಕಾಟನ್ ಸೀರಿ ಪಾತ್ರಿಯಾಂವಗ ಕೊಡಬ್ಯಾಡ್ರಿ, ಕೌದಿ ಹೊಲೀರಿ, ಅಂದ್ರ ಹಳೆ ಬಟ್ಟಿ ತುಂಡು ಕೂಡಿಸಿ ಹೊಲಿಯೋ ಹೊದಿಕಿ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಜನಾಂಗದ ಹೆಣ್ಮಕ್ಕಳು ಅಂಚಿನಿಂದ ಸುರು ಮಾಡಿ ನಡುವಿನ ತನಕ ಕೈಲೇ ಹೊಲ್ಕೋತ ಬರ್ತಾರ, ಮೂಲಿಗೆ ಮುಕ್ಕೋನಿ ತುಂಡು ಇಡತಾರ, ಅದಕ್ಕ ಫುಲಾ ಅಂತಾರ, ಅದಿಲ್ಲಂದ್ರ ಕೌದಿ ಮುಗದಂಗ ಅಲ್ಲ. ನಮ್ಮವ್ವನೂ ನಾನೂ ಹೋದ ವರ್ಷ ಮೂರು ಹೊಲದು 4,500ಕ್ಕ ಕೊಟ್ವಿ. ಒಂದಕ್ಕ ತಿಂಗಳು ಹಿಡಿತೈತ್ರಿ, ಅದಕ್ಕ ಇದನ್ನ ನಂಬಿ ನೌಕರಿ ಬಿಡಬ್ಯಾಡ್ರಿ. ಪಾಲಿಸ್ಟರ್ ಒಟ್ಟ ಹಾಕಬ್ಯಾಡ್ರಿ, ಬೆವರು ಹೀರಂಗಿಲ್ಲ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಅಕ್ಕಾ, ಥ್ಯಾಂಕ್ಸ್ ಧಾರವಾಡದವರೇ. ಬೀರು ಮೂಲೆದೆಲ್ಲಾ ತೆಗೆದು ಒಳಗೆ ತಿರುಗಿಸಿ ನೋಡ್ದೆ, 23ರಲ್ಲಿ ಎರಡಕ್ಕೆ ಮಾತ್ರ ಮಾರ್ಜಿನ್ ಇದೆ. ಆ ಎರಡನ್ನೂ ಇವತ್ತು ಬಿಚ್ಚಿ ಸರಿ ಮಾಡ್ಕೊಂಡೆ. ಎದುರು ಮನೆ ಆಂಟಿ ಮೂರು ಸೀರೆ ಫಾಲ್‌ಗೆ ಕೊಟ್ಟಿದ್ದಾರೆ, ಒಂದಕ್ಕೆ ಎಷ್ಟು ಕೇಳ್ಲಿ, 120 ಜಾಸ್ತಿ ಆಗುತ್ತಾ?