ಪರ್ಮಿಟ್ ಇದ್ದರೂ ದಾರಿ ಬಿಟ್ಟು ಇಳಿಯಬಾರದಾ? ಗಾರ್ಡ್‌ಗೆ ಎಷ್ಟು ಅಧಿಕಾರ ಇದೆ?

ತುಮಕೂರು_ಟ್ರೆಕ್ಕರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಐದು ಜನ ಸೇರಿ ಪಶ್ಚಿಮ ಘಟ್ಟದ ಒಂದು ಬೆಟ್ಟಕ್ಕೆ ಹೋಗಿದ್ದೆವು. ಯಾವ ಬೆಟ್ಟ ಅಂತ ಸದ್ಯಕ್ಕೆ ಬೇಡ. ಆನ್‌ಲೈನ್‌ನಲ್ಲಿ ಪರ್ಮಿಟ್ ಮಾಡಿಸಿದ್ದೆವು, ಗೈಡ್ ಕೂಡ ಇದ್ದರು.

ಇಳಿಯುವಾಗ ಮಧ್ಯಾಹ್ನ ಒಂದು ಗಂಟೆ ಇರಬೇಕು. ದಾರಿ ಒಂದು ಕಡೆ ಗುಡ್ಡವನ್ನು ದೊಡ್ಡದಾಗಿ ಸುತ್ತಿಕೊಂಡು ಹೋಗುತ್ತದೆ. ಕೆಳಗೆ ಶೋಲಾ ಕಾಡಿನ (ಹುಲ್ಲುಗುಡ್ಡಗಳ ನಡುವೆ ಕಣಿವೆಯಲ್ಲಿ ಬೆಳೆಯುವ ದಟ್ಟ ಕಾಡು) ಅಂಚಿನಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು. ಗೈಡ್ ಹಿಂದೆ ಇದ್ದರು, ನಮ್ಮಲ್ಲಿ ಒಬ್ಬನಿಗೆ ಮಂಡಿ ನೋವು. ನಾವು ಮೂವರು ಹುಲ್ಲಿನಲ್ಲೇ ನೇರವಾಗಿ ಇಳಿದೆವು. ಅರ್ಧ ಇಳಿದಿದ್ದೆವೋ ಇಲ್ಲವೋ, ಮೇಲಿಂದ ಸೀಟಿ. ಖಾಕಿ ಅಂಗಿ, ಹವಾಯಿ ಚಪ್ಪಲಿ, ಸೊಂಟಕ್ಕೆ ಕತ್ತಿ ಕಟ್ಟಿಕೊಂಡ ಒಬ್ಬರು. ಅವರ ಹಿಂದೆ ಯೂನಿಫಾರ್ಮ್‌ನಲ್ಲಿ ಇನ್ನೊಬ್ಬರು. ಮೇಲೆ ಬನ್ನಿ ಎಂದರು. ಪರ್ಮಿಟ್ ನೋಡಿದರು, ಬ್ಯಾಗ್ ಬಿಚ್ಚಿಸಿದರು, ಫೋನ್ ಇಸ್ಕೊಂಡು ಫೋಟೊ ನೋಡಿದರು. "ಕೇಸ್ ಹಾಕಿದರೆ ಮೂರು ವರ್ಷ ಜೈಲು, ಇಲ್ಲ ಅಂದ್ರೆ ತಲಾ ಎರಡು ಸಾವಿರ ದಂಡ" ಎಂದರು. ಕೆಳಗೆ ಗೇಟ್ ಹತ್ತಿರ ನೆಟ್‌ವರ್ಕ್ ಸಿಕ್ಕ ಮೇಲೆ ಅವರು ಕೊಟ್ಟ ನಂಬರ್‌ಗೆ ಯುಪಿಐ ಮಾಡಿದೆವು. ರಸೀದಿ ಕೊಡಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕಾಡು ಸರ್ಕಾರದ್ದು, ಅಂದ್ರೆ ಜನರದ್ದು. ದುಡ್ಡು ಕೊಟ್ಟು ಪರ್ಮಿಟ್ ಮಾಡಿಸಿದ ಮೇಲೆ ಹತ್ತು ಹೆಜ್ಜೆ ಆಚೆ ಹೋದರೆ ಏನು ನಷ್ಟ? ಅದೇ ಜಾಗದಲ್ಲಿ ಊರಿನ ಒಬ್ಬ ಹೆಂಗಸು ತಲೆ ಮೇಲೆ ಹೊರೆ ಹೊತ್ತು ಹೋಗುತ್ತಿದ್ದರು, ಅವರನ್ನು ಯಾರೂ ಕೇಳಲಿಲ್ಲ. ಬ್ಯಾಗ್, ಫೋನ್ ಎಲ್ಲ ಚೆಕ್ ಮಾಡೋಕೆ ಗಾರ್ಡ್‌ಗೆ ನಿಜವಾಗಲೂ ಅಧಿಕಾರ ಇದೆಯಾ?

ಬೆಟ್ಟದ_ಬಸವ:

ಅಧಿಕಾರ ಗಿಧಿಕಾರ ಏನೂ ಇಲ್ಲ ಗುರು. ಬೆಂಗಳೂರು ಕಡೆ ನಂಬರ್ ಪ್ಲೇಟ್ ಕಂಡರೆ ವಸೂಲಿ. ಮುಂದಿನ ಸಲ ವಿಡಿಯೊ ಮಾಡಿ ಹಾಕಿ, ಬಾಲ ಮುದುರಿಕೊಂಡು ಹೋಗ್ತಾರೆ.

ಹಳೇ_ಡಿಆರ್‌ಎಫ್‌ಒ:

ಬಸವ ಅವರೇ, ಸುಮ್ನೆ ಹುಡುಗರನ್ನು ತೊಂದರೆಗೆ ತಳ್ಳಬೇಡಿ. ಕಾಡಿನಲ್ಲಿ ಗಾರ್ಡ್ ಜೊತೆ ಕೈ ಕೈ ಮಿಲಾಯಿಸಿದರೆ ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ ಅಂತ ಬೇರೆ ಕೇಸು ಬೀಳುತ್ತದೆ. ಅದು ದಾರಿ ಬಿಟ್ಟಿದ್ದಕ್ಕಿಂತ ಜಾಸ್ತಿ ಕಾಡುತ್ತದೆ.

ನಾನು ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿ ಡೆಪ್ಯುಟಿ ರೇಂಜರ್ ಆಗಿ ನಿವೃತ್ತನಾದವನು. ಹಾಗಂತ ಇಲಾಖೆಯ ವಕೀಲಿ ಮಾಡಲ್ಲ. ತುಮಕೂರಿನವರೇ, ನಿಮಗೆ ಆದದ್ದರಲ್ಲಿ ಎರಡು ಭಾಗ ಇದೆ. ಸೀಟಿ ಹೊಡೆದು ಮೇಲೆ ಕರೆದದ್ದು ಒಂದು. ದುಡ್ಡು ತೆಗೆದುಕೊಂಡದ್ದು ಇನ್ನೊಂದು. ಮೊದಲನೆಯದು ಸರಿ. ಎರಡನೆಯದು ಸರಿ ಇಲ್ಲ.

ನೀವು ಹೋದದ್ದು ಅಭಯಾರಣ್ಯವೋ ರಾಷ್ಟ್ರೀಯ ಉದ್ಯಾನವೋ ಆಗಿದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ನಡೆಯುತ್ತದೆ. ಕುದುರೆಮುಖ, ಪುಷ್ಪಗಿರಿ ಎಲ್ಲ ಹಾಗೇ. 27ನೇ ಸೆಕ್ಷನ್ ಓದಿ ನೋಡಿ. ಒಳಗೆ ಯಾರೂ ಕಾಲಿಡುವ ಹಾಗಿಲ್ಲ ಅಂತಲೇ ಶುರುವಾಗುತ್ತದೆ, ಆಮೇಲೆ ಯಾರಿಗೆ ವಿನಾಯಿತಿ ಅಂತ ಹೇಳುತ್ತದೆ. ಡ್ಯೂಟಿ ಮೇಲಿರುವ ನೌಕರ, ಪರ್ಮಿಟ್ ಇರುವವರು, ಒಳಗೆ ಜಮೀನಿನ ಹಕ್ಕಿರುವವರು, ಅವರನ್ನು ನಂಬಿಕೊಂಡವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವರು. ನೀವು ಕಂಡ ಹೆಂಗಸು ಯಾಕೆ ಓಡಾಡಬಹುದು ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ಅದೂ ಅಲ್ಲದೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಕಾಡಿನಲ್ಲಿ ಬಾಳುವವರಿಗೆ ಕಿರು ಅರಣ್ಯ ಉತ್ಪನ್ನ ತರುವುದಕ್ಕೂ ಹಕ್ಕು ಇದೆ. ಕುದುರೆಮುಖದ ಒಳಗೆ ಮಲೆಕುಡಿಯ ಬುಡಕಟ್ಟಿನವರು ಉದ್ಯಾನ ಆಗುವುದಕ್ಕೆ ಎಷ್ಟೋ ಮೊದಲಿಂದ ಇದ್ದಾರೆ. ಉದ್ಯಾನ ಆಗಿದ್ದು 1987ರಲ್ಲಿ. ಅವರ ಮನೆಯ ದಾರಿಯನ್ನು ನಿಮ್ಮ ಚಾರಣದ ದಾರಿಗೆ ಹೋಲಿಸಬೇಡಿ.

ನಿಮ್ಮ ಪರ್ಮಿಟ್ ಪ್ರವಾಸಕ್ಕೆ ಕೊಟ್ಟದ್ದು, ಗೊತ್ತುಮಾಡಿದ ಒಂದು ದಾರಿಗೆ ಮಾತ್ರ. ಬಸ್ ಟಿಕೆಟ್ ತಗೊಂಡ ಮಾತ್ರಕ್ಕೆ ಡ್ರೈವರ್ ಸೀಟಲ್ಲಿ ಕೂರುವ ಹಾಗಿಲ್ಲ ಅಲ್ವಾ? ಪರ್ಮಿಟ್‌ನ ಷರತ್ತು ಮುರಿಯುವುದೂ 51ನೇ ಸೆಕ್ಷನ್ ಕೆಳಗೆ ಅಪರಾಧವೇ. ಮೂರು ವರ್ಷದವರೆಗೆ ಜೈಲು ಅಂತ ಅವರು ಹೇಳಿದ್ದು ಸುಳ್ಳಲ್ಲ. 2022ರ ತಿದ್ದುಪಡಿ ಆದ ಮೇಲೆ ದಂಡ ಒಂದು ಲಕ್ಷದವರೆಗೆ ಏರಿದೆ. ಆದರೆ "ವರೆಗೆ" ಅಷ್ಟೇ. ಅದನ್ನು ತೀರ್ಮಾನ ಮಾಡುವುದು ನ್ಯಾಯಾಧೀಶರು, ಗುಡ್ಡದ ಮೇಲೆ ಸೀಟಿ ಹಿಡಿದು ನಿಂತವರಲ್ಲ.

ಈಗ ಅಧಿಕಾರದ ವಿಷಯ. 50ನೇ ಸೆಕ್ಷನ್ ಪ್ರಕಾರ ಅರಣ್ಯ ಅಧಿಕಾರಿ ನಿಮ್ಮನ್ನು ನಿಲ್ಲಿಸಿ ಪರ್ಮಿಟ್ ಕೇಳಬಹುದು. ತೋರಿಸದಿದ್ದರೆ ವಾರಂಟ್ ಇಲ್ಲದೆ ಬಂಧಿಸಲೂಬಹುದು. ಹೆಸರು, ವಿಳಾಸ ಸರಿಯಾಗಿ ಕೊಟ್ಟು, ಕರೆದಾಗ ಬರುತ್ತೇನೆ ಎಂದು ನಂಬಿಸಿದರೆ ಬಂಧಿಸುವ ಅಗತ್ಯ ಬರುವುದಿಲ್ಲ. ಅಪರಾಧ ಆಗಿದೆ ಎಂದು ನಂಬಲು ಕಾರಣ ಇದ್ದರೆ ಬ್ಯಾಗ್ ನೋಡಬಹುದು. ಏನಾದರೂ ವಶಕ್ಕೆ ತೆಗೆದುಕೊಂಡರೆ ಮಹಜರು ಬರೆಯಬೇಕು. ಫೋನ್ ಬಿಚ್ಚಿಸಿ ಗ್ಯಾಲರಿ ತಿರುವುವುದು ನನ್ನ ಕಾಲದಲ್ಲಿ ಇರಲಿಲ್ಲ, ಇದ್ದಿದ್ದರೂ ನಾನು ಮಾಡುತ್ತಿರಲಿಲ್ಲ. ಚಪ್ಪಲಿ ಹಾಕಿಕೊಂಡಿದ್ದವರು ವಾಚರ್, ಅಂದರೆ ಕಾಡು ಕಾಯುವವರು, ಇರಬೇಕು. ಸಾಮಾನ್ಯವಾಗಿ ದಿನಗೂಲಿ, ಇಲ್ಲವೇ ಹೊರಗುತ್ತಿಗೆ. ಅವರು ನಿಮ್ಮನ್ನು ಕೂಗಿ ನಿಲ್ಲಿಸಬಹುದು, ವಾಪಸ್ ದಾರಿಗೆ ಕರೆಯಬಹುದು. ಕಾಯ್ದೆಯ ಅಧಿಕಾರ ಇರುವುದು ಯೂನಿಫಾರ್ಮ್‌ನಲ್ಲಿದ್ದ ಗಾರ್ಡ್‌ಗೆ, ಅಂದರೆ ಈಗಿನ ಗಸ್ತು ಅರಣ್ಯ ಪಾಲಕರಿಗೆ.

ದಂಡ? ಕೇಸನ್ನು ಕೋರ್ಟಿಗೆ ಕಳಿಸದೆ ಹಣ ಕಟ್ಟಿಸಿಕೊಂಡು ಮುಗಿಸುವ ಅವಕಾಶ 54ನೇ ಸೆಕ್ಷನ್‌ನಲ್ಲಿದೆ. ಆದರೆ ಅದನ್ನು ಮಾಡಬೇಕಾದವರು ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ. ಗಾರ್ಡ್ ಅಲ್ಲ, ನಾನೂ ಅಲ್ಲ, ರೇಂಜರ್ ಕೂಡ ಅಲ್ಲ. ಯಾರದೋ ಸ್ವಂತ ನಂಬರ್‌ಗೆ ಹೋದ ಹಣಕ್ಕೆ ದಂಡ ಅನ್ನುವುದಿಲ್ಲ.

ಇನ್ನು "ಹತ್ತು ಹೆಜ್ಜೆ ಆಚೆ ಹೋದರೆ ಏನು ನಷ್ಟ" ಅಂದಿರಲ್ಲ, ಇದು ನನಗೆ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ದಾರಿ ಗುಡ್ಡವನ್ನು ಸುತ್ತಿ ಹೋಗುವುದು ನಿಮ್ಮನ್ನು ಸುಸ್ತು ಮಾಡೋಕಲ್ಲ. ಕುದುರೆಮುಖದ ಕಡೆ ವರ್ಷಕ್ಕೆ ಹತ್ತಿರ ಹತ್ತಿರ 7000 ಮಿ.ಮೀ. ಮಳೆ. ಹುಲ್ಲುಗಾವಲಿನ ಮಣ್ಣನ್ನು ಹಿಡಿದುಕೊಂಡಿರುವುದು ಹುಲ್ಲಿನ ಬೇರು ಮಾತ್ರ. ಮೂರು ಜನ ನೇರ ಇಳಿದರೆ ಹುಲ್ಲು ಮಲಗುತ್ತದೆ. ಹಿಂದೆ ಬಂದವರು ಆ ಮಲಗಿದ ಹುಲ್ಲು ನೋಡಿ ಇದೇ ಒಳದಾರಿ ಅಂದುಕೊಳ್ಳುತ್ತಾರೆ. ಬೇಸಿಗೆ ಹೊತ್ತಿಗೆ ಶೂ ಹಿಮ್ಮಡಿ ಕುಟ್ಟಿ ಕುಟ್ಟಿ ಒಂದು ಗೇಣು ಅಗಲ ಕೆಂಪು ಮಣ್ಣು ಕಾಣುತ್ತದೆ. ಮೊದಲ ಮಳೆಗೆ ನೀರು ಅಲ್ಲೇ ಇಳಿಯುತ್ತದೆ, ನೇರ ಇಳಿಜಾರಲ್ವಾ. ಮುಂದಿನ ವರ್ಷ ಅದು ಮೊಣಕಾಲು ಆಳದ ಕೊರಕಲು. ಆಗ ಅದರೊಳಗೆ ಜಾರುತ್ತದೆ ಅಂತ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಪಕ್ಕದಲ್ಲಿ ಇನ್ನೊಂದು ಶುರು. ನಾನು ಕಲ್ಲು, ಮುಳ್ಳು ತುಂಬಿಸಿ ಇಂಥವನ್ನು ಮುಚ್ಚಿಸಿದ್ದೇನೆ. ಜನ ಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟು ಇಳಿಯುತ್ತಾರೆ! ಅದರಲ್ಲಿ ಇಳಿದ ಮಣ್ಣು ಹೋಗಿ ಸೇರುವುದು ಹೊಳೆಗೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಅದೇ ಗುಡ್ಡಗಳಲ್ಲಿ. ಅಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ನಿಲ್ಲಿಸಿದ್ದರ ಹಿಂದೆಯೂ ಹೊಳೆಗೆ ಇಳಿಯುವ ಮಣ್ಣಿನ ಜಗಳ ಇತ್ತು.

ಇನ್ನೊಂದು ಮಾತು. ಮಧ್ಯಾಹ್ನ ಒಂದು ಗಂಟೆಗೆ ಶೋಲಾದ ಅಂಚಿಗೆ, ಅದೂ ನೀರಿರುವ ಕಡೆಗೆ ಇಳಿದಿರಿ. ಬಿಸಿಲು ಏರಿದ ಮೇಲೆ ಕಾಟಿಗಳು, ಅಂದರೆ ಕಾಡುಕೋಣಗಳು, ನೆರಳಿಗೆ ಹೋಗಿ ಮಲಗುವುದೂ ಅಂಥ ಕಡೆಯೇ. ಗಾಳಿ ನಿಮ್ಮ ಕಡೆಯಿಂದ ಬೀಸದಿದ್ದರೆ ಅದಕ್ಕೂ ನೀವು ಬಂದದ್ದು ಗೊತ್ತಾಗಲ್ಲ, ನಿಮಗೂ ಅದು ಕಾಣಲ್ಲ.

ಬೆಂಕಿ ರೇಖೆ ಬಗ್ಗೆ ಪಟ್ಟಣದವರಿಗೆ ಗೊತ್ತೇ ಇರುವುದಿಲ್ಲ. ಬೇಸಿಗೆಗೆ ಮುಂಚೆ ಕಾಳ್ಗಿಚ್ಚು ದಾಟದಿರಲಿ ಅಂತ ಹುಲ್ಲು ಸವರಿ ಉದ್ದಕ್ಕೆ ಪಟ್ಟಿ ಮಾಡಿರುತ್ತೇವೆ. ದೂರದಿಂದ ಒಳ್ಳೆ ರಸ್ತೆ ಥರ ಕಾಣುತ್ತದೆ. ಅದು ಯಾವ ಊರಿಗೂ ಹೋಗಲ್ಲ, ಎಲ್ಲೋ ಗಡಿಯಲ್ಲಿ ನಿಂತುಬಿಡುತ್ತದೆ. ದಾರಿ ತಪ್ಪಿದವರನ್ನು ಹುಡುಕಲು ಹೊರಟಾಗ ನಾವು ಮೊದಲು ನೋಡುತ್ತಿದ್ದದ್ದು ಈ ರೇಖೆಗಳ ಕೊನೆಯನ್ನು, ಆಮೇಲೆ ದನದ ದಾರಿಗಳನ್ನು. ಕತ್ತಲಾದ ಮೇಲೆ ಜಿಗಣೆ ಕಚ್ಚಿಸಿಕೊಳ್ಳುತ್ತಾ ಟಾರ್ಚ್ ಹಿಡಿದು ಹೋಗಬೇಕಾದವನು ಅದೇ ಹವಾಯಿ ಚಪ್ಪಲಿಯ ವಾಚರ್. ಅವನು ಕೂಗಿ ಕರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಸಂಸೆ_ಜೀಪು:

ಸಾರ್ ಹೇಳಿದ್ದು ಸರಿ. ನಾನು ಕುದುರೆಮುಖದ ಕಡೆ ಮುಳ್ಳೋಡಿಗೆ ಜೀಪು ಹೊಡೆಯುವವನು. ಗೆಸ್ಟ್‌ಗಳು ಫೋನಲ್ಲಿ ಯಾವುದೋ ಆ್ಯಪ್ ತೆಗೆದು "ಇಲ್ಲೊಂದು ಗೆರೆ ಇದೆಯಲ್ಲ, ಇದರಲ್ಲಿ ಹೋಗಬಹುದಾ" ಅಂತ ಕೇಳುತ್ತಾರೆ. ಆ ಗೆರೆ ಯಾರೋ ದಾರಿ ತಪ್ಪಿ ಅಲೆದಾಡಿದ್ದು ಕೂಡ ಆಗಿರಬಹುದು ಸ್ವಾಮಿ. ಅಪ್‌ಲೋಡ್ ಮಾಡಿದವನು "ತಪ್ಪಿಸಿಕೊಂಡೆ" ಅಂತ ಬರೆದಿರುವುದಿಲ್ಲ.

ಗೈಡ್ ಹಿಂದೆ ಉಳಿದರೆ ನಿಂತು ಕಾಯಿರಿ. ನೀವು ಇಳಿದುಹೋದರೆ ಬೈಸಿಕೊಳ್ಳುವುದು ಅವನು. ನಮ್ಮೂರಿನ ಹುಡುಗರೇ ಎಲ್ಲ.

ಬೋಝ್‌ಮನ್_ಕನ್ನಡಿಗ:

ನಾನು ಅಮೆರಿಕದ ಮೊಂಟಾನಾದಲ್ಲಿದ್ದೇನೆ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಹತ್ತಿರ. ಇಲ್ಲಿ "ಜನರ ಭೂಮಿ" ಅನ್ನೋ ಮಾತು ಜಾಸ್ತಿ. ಆದರೂ ಬಿಸಿನೀರಿನ ಬುಗ್ಗೆಗಳಿರುವ ಕಡೆ ಮರದ ಹಲಗೆಯ ದಾರಿ ಬಿಟ್ಟು ಕಾಲಿಟ್ಟರೆ ರೇಂಜರ್ ಸುಮ್ಮನೆ ಬಿಡಲ್ಲ. 2016ರಲ್ಲಿ ಕೆನಡಾದ ಕೆಲವು ಯುವಕರು ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆಯ ಮೇಲೆ ನಡೆದು ವಿಡಿಯೊ ಹಾಕಿದರು. ಅವರಲ್ಲಿ ಕೆಲವರಿಗೆ ಒಂದು ವಾರ ಜೈಲು ಆಯಿತು. ಅದೇ ವರ್ಷ ನಾರಿಸ್ ಎಂಬ ಜಾಗದಲ್ಲಿ ಹಲಗೆ ಬಿಟ್ಟು ಹೋದ 23 ವರ್ಷದ ಒಬ್ಬ ಬುಗ್ಗೆಗೆ ಬಿದ್ದು ಸತ್ತ. ನೆಲ ಗಟ್ಟಿ ಅಂತ ಕಾಣುತ್ತದೆ, ಕೆಳಗೆ ಕುದಿಯುವ ನೀರು.

ಆದರೆ ಒಂದು ವ್ಯತ್ಯಾಸ ಇದೆ. ಬುಗ್ಗೆಗಳಿಲ್ಲದ ಒಳಕಾಡಿನಲ್ಲಿ ಬಹಳ ಕಡೆ ದಾರಿ ಬಿಟ್ಟು ನಡೆಯಲು ಇಲ್ಲಿ ಅಡ್ಡಿ ಇಲ್ಲ. ಎಲ್ಲಿ ಬೇಡವೋ ಅಲ್ಲಿ ಮಾತ್ರ ಬೇಡ ಎನ್ನುತ್ತಾರೆ, ಯಾಕೆ ಅಂತ ಬೋರ್ಡ್ ಹಾಕಿರುತ್ತಾರೆ. ದಂಡ ಅಂದರೆ ಕೈಗೆ ಚೀಟಿ ಕೊಡುತ್ತಾರೆ, ಒಪ್ಪದಿದ್ದರೆ ಕೋರ್ಟಿಗೆ ಹೋಗಬಹುದು. ಉದ್ಯಾನದ ಒಳಗೇ ಮ್ಯಾಮತ್ ಅನ್ನೋ ಕಡೆ ಒಂದು ಕೋರ್ಟ್ ಇದೆ. ನಮ್ಮ ಕಡೆ ದಾರಿಯ ಬೋರ್ಡೂ ಇಲ್ಲ, ಚೀಟಿಯೂ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ಹಳೇ_ಡಿಆರ್‌ಎಫ್‌ಒ:

ಬೋರ್ಡ್ ವಿಷಯ ಒಪ್ಪಿದೆ. ಹಾಕಿದ ಬೋರ್ಡ್ ಮೇಲೆ ಹೆಸರು ಕೆತ್ತುವವರೂ ಇದ್ದಾರೆ, ಅದು ಬಿಡಿ. ಆದರೆ ಬರುವ ಜನ ಎಷ್ಟು ಅಂತಲೂ ನೋಡಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜನ ಜಾತ್ರೆಯಂತೆ ಸಾಲು ನಿಂತಿದ್ದರು. ಅದಾದ ಮೇಲೆಯೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿದ್ದು. ಆ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಜಾಲತಾಣ ಬಂತು, ಒಂದು ಚಾರಣಕ್ಕೆ ದಿನಕ್ಕೆ 300 ಜನ ಅಂತ ಮಿತಿ ಆಯಿತು. ಮುನ್ನೂರು ಜನ ತಮಗೆ ಬೇಕಾದ ಕಡೆ ಇಳಿದರೆ ಆ ಗುಡ್ಡದಲ್ಲಿ ಹುಲ್ಲು ಉಳಿಯುತ್ತಾ?

ತುಮಕೂರು_ಟ್ರೆಕ್ಕರ್:

ಹುಲ್ಲು, ಕೊರಕಲು ಎಲ್ಲ ಅರ್ಥ ಆಯಿತು. ದಾರಿಯ ವಿಷಯದಲ್ಲಿ ನನ್ನ ತಕರಾರು ಇಲ್ಲ. ಆದರೆ ಆರು ಸಾವಿರ ಹೋಯಿತಲ್ಲ? ದೂರು ಕೊಟ್ಟರೆ ನಮ್ಮ ಮೇಲೇ ಕೇಸ್ ಹಾಕಿಬಿಟ್ಟರೆ ಅಂತ ಸ್ನೇಹಿತರು ಹೆದರುತ್ತಿದ್ದಾರೆ.

ಹಳೇ_ಡಿಆರ್‌ಎಫ್‌ಒ:

ಹೆದರಿಕೆ ಸುಳ್ಳಲ್ಲ. ದಾರಿ ಬಿಟ್ಟಿದ್ದಕ್ಕೆ ಕೇಸ್ ಆಗಬಹುದು, ಆದರೆ ಆಗಿಯೇ ತೀರುತ್ತದೆ ಅಂತೇನಿಲ್ಲ. ಇನ್ನೊಂದು ಕಡೆಯೂ ಯೋಚನೆ ಮಾಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟವರಿಗೆ ರಕ್ಷಣೆ ಇದೆ, ಆದರೆ ಏಳು ದಿನದೊಳಗೆ ದೂರು ಕೊಡಬೇಕು. ನೀವು ಕೊಟ್ಟದ್ದು ಭಾನುವಾರ, ಇವತ್ತು ಬುಧವಾರ. ಶನಿವಾರದೊಳಗೆ ಜಿಲ್ಲೆಯ ಲೋಕಾಯುಕ್ತ ಪೊಲೀಸರಿಗೆ ಬರೆದು ಕೊಡಿ. ಒಂದು ಪ್ರತಿ ಆ ವಿಭಾಗದ ಡಿಸಿಎಫ್ ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ದಾರಿ ಬಿಟ್ಟು ಇಳಿದದ್ದನ್ನೂ ಮುಚ್ಚಿಡದೆ ಬರೆಯಿರಿ, ಅಗತ್ಯ ಇಲ್ಲದೆ ಗೈಡ್ ಹೆಸರು ಎಳೆಯಬೇಡಿ. ಪರ್ಮಿಟ್ ಪ್ರತಿ, ಯುಪಿಐ ಸ್ಕ್ರೀನ್‌ಶಾಟ್ ಎರಡನ್ನೂ ಲಗತ್ತಿಸಿ. ಆ ನಂಬರ್‌ನ ಹೆಸರು ಅದರಲ್ಲೇ ಬಂದಿರುತ್ತದೆ, ಇಲ್ಲಿ ಮಾತ್ರ ಹಾಕಬೇಡಿ.