ವೆನಿಸ್‌ನ ಗ್ರಿಟ್ಟಿ ಪ್ಯಾಲೇಸ್‌ನಲ್ಲಿ ಅಮ್ಮನೊಂದಿಗೆ ಒಂದು ರಾತ್ರಿ: ಅಷ್ಟು ದುಡ್ಡು ಕೊಡಬಹುದೇ?

ಮ್ಯೂನಿಕ್‌ನ ಮಗಳು:
ನವೆಂಬರ್‌ನಲ್ಲಿ ಅಮ್ಮ ದಾವಣಗೆರೆಯಿಂದ ನನ್ನ ಮನೆಗೆ ಬರುತ್ತಾರೆ. ಮೂರನೇ ವಾರ ಇಬ್ಬರೂ ರೈಲಿನಲ್ಲಿ ವೆನಿಸ್‌ಗೆ ಹೋಗುವ ಆಲೋಚನೆ ಇದೆ. ಅವರಿಗೆ ಎಪ್ಪತ್ತು ತುಂಬುತ್ತಿರುವುದರಿಂದ ಒಂದು ರಾತ್ರಿಯಾದರೂ ಗ್ರಿಟ್ಟಿಯಂಥ ಹಳೆಯ ಅರಮನೆ ಹೋಟೆಲಿನಲ್ಲಿ ಉಳಿಸಬೇಕೆಂಬ ಆಸೆ. ಆದರೆ ಮಂಡಿನೋವಿದೆ, ಮೆಟ್ಟಿಲು ಕಂಡರೆ ಅವರ ಮುಖ ಸಪ್ಪಗಾಗುತ್ತದೆ. ಬಾಡಿಗೆ ನೋಡಿ ನನಗೂ ಎದೆ ಧಸಕ್ಕೆಂದಿತು. ಅಪ್ಪ ಇದ್ದಿದ್ದರೆ "ಆ ದುಡ್ಡಿನಲ್ಲಿ ಸೈಟಿಗೆ ಕಾಂಪೌಂಡ್ ಕಟ್ಟಿಸಬಹುದಿತ್ತು" ಎನ್ನುತ್ತಿದ್ದರು. ಅಲ್ಲಿ ಉಳಿದವರು ಯಾರಾದರೂ ಇದ್ದೀರಾ?

ಬಾಸೆಲ್‌ವಾಸಿ:
ನಿಮ್ಮ ಅಪ್ಪನ ಮಾತೇ ಸರಿ. ಮೆಸ್ತ್ರೆಯಲ್ಲಿ ರೈಲು ನಿಲ್ದಾಣದ ಎದುರಿಗೇ ಸಾಲು ಸಾಲು ಹೋಟೆಲುಗಳಿವೆ, ಅಲ್ಲಿ ಉಳಿಯಿರಿ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಹತ್ತು ನಿಮಿಷ ಸಾಕು. ಗ್ರಿಟ್ಟಿಯ ತೆರೆದ ಜಗಲಿಯಲ್ಲಿ ಹೊರಗಿನವರೂ ಕುಳಿತು ಕಾಫಿ ಕುಡಿಯಬಹುದು. ಮಲಗಿದ ಮೇಲೆ ಅರಮನೆಯಾದರೇನು, ಲಾಡ್ಜ್ ಆದರೇನು?

ಪಾದುವಾದ ಸೊಸೆ:
ಬಾಸೆಲ್‌ನವರು ಗಟ್ಟಿ ಮಂಡಿಯವರಿರಬೇಕು! ನಾನು ಪಾದುವಾದಲ್ಲಿರುವವಳು. ಶಿವಮೊಗ್ಗದಿಂದ ಅತ್ತೆ ಬಂದಾಗ ಅವರನ್ನು ಗ್ರಿಟ್ಟಿಯಲ್ಲೇ ಉಳಿಸಿದ್ದೆ. ಅವರಿಗೂ ಮಂಡಿಯದೇ ತೊಂದರೆ. ಆದ್ದರಿಂದ ಮೊದಲು ಸೇತುವೆಯ ವಿಚಾರ ಹೇಳುತ್ತೇನೆ, ಅರಮನೆಯ ವಿಚಾರ ಆಮೇಲೆ.

ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಹೆಚ್ಚಿನವು ಮೆಟ್ಟಿಲಿನವೇ. ಅಗ್ಗದ ಹೋಟೆಲು ಸಿಕ್ಕಿತೆಂದು ಖುಷಿಪಟ್ಟವರು ಚಕ್ರದ ಸೂಟ್‌ಕೇಸನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುವುದನ್ನು ಸಾಕಷ್ಟು ನೋಡಿದ್ದೇನೆ. ನೀವು ಸಾಂತಾ ಲೂಚಿಯಾ ನಿಲ್ದಾಣದಲ್ಲಿ ಇಳಿದು, ಎದುರಿಗೇ ವಪೊರೆತ್ತೊ, ಅಂದರೆ ನೀರಿನ ಬಸ್ಸು, 1ನೇ ನಂಬರಿನದನ್ನು ಹತ್ತಿ 'ಜಿಲ್ಯೊ' ಎಂಬಲ್ಲಿ ಇಳಿಯಿರಿ. ಹೋಟೆಲು ಪಕ್ಕದಲ್ಲೇ ಇದೆ, ನಡುವೆ ಒಂದೂ ಸೇತುವೆ ಇಲ್ಲ. ಸಾನ್ ಮಾರ್ಕೊ ಚೌಕಕ್ಕೆ ನಡೆದು ಹೋದರೆ ಎರಡು ಸೇತುವೆ ಹತ್ತಿಳಿಯಬೇಕು. ಅದರ ಬದಲು ಅದೇ ದೋಣಿಯಲ್ಲಿ ವಲ್ಲರೆಸ್ಸೊವರೆಗೆ ಹೋದರೆ ಸಪಾಟು ದಾರಿ. ಅತ್ತೆ ಅಲ್ಲಿದ್ದಷ್ಟು ದಿನವೂ ಹೀಗೆಯೇ ಓಡಾಡಿದರು. ಒಂದು ಟಿಕೆಟ್ಟಿಗೆ 9.50 ಯೂರೋ, 75 ನಿಮಿಷ ನಡೆಯುತ್ತದೆ. ಪದೇ ಪದೇ ಹತ್ತುವುದಿದ್ದರೆ ಇಡೀ ದಿನದ ಪಾಸ್ ತೆಗೆದುಕೊಳ್ಳಿ.

ಈಗ ಅರಮನೆಗೆ ಬರುತ್ತೇನೆ. 1475ರಲ್ಲಿ ಪಿಸಾನಿ ಮನೆತನದವರು ಕಟ್ಟಿಸಿದ್ದು. ಹೆಸರು ಬಂದದ್ದು 1523ರಿಂದ 1538ರವರೆಗೆ ವೆನಿಸ್‌ನ ಡೋಜ್, ಅಂದರೆ ಆಗಿನ ವೆನಿಸ್ ಗಣರಾಜ್ಯದ ಮುಖ್ಯಸ್ಥ, ಆಗಿದ್ದ ಆಂದ್ರೆಯಾ ಗ್ರಿಟ್ಟಿಯಿಂದ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಉಳಿದಿದ್ದರೆಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ನಮ್ಮತ್ತೆಗೆ ಹೆಮಿಂಗ್ವೇ ಯಾರಾದರೇನು! ಬೆಳಗಿನ ಜಾವ ಎದ್ದು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟರು. ತರಕಾರಿ ದೋಣಿ, ಕಸದ ದೋಣಿ, ಆಂಬ್ಯುಲೆನ್ಸ್ ದೋಣಿ, ಹಾಸಿಗೆ ಬಟ್ಟೆಯ ಗಂಟು ಹೊತ್ತ ದೋಣಿ ಒಂದರ ಹಿಂದೊಂದು ಹೋಗುತ್ತವೆ. ಎದುರಿಗೆ ಸಲೂತೆ ಚರ್ಚಿನ ಗುಮ್ಮಟ. ತಿಂಡಿಗೆ ಕರೆದರೆ "ಇನ್ನೊಂದು ದೋಣಿ ಹೋಗಲಿ, ಇರು" ಎನ್ನುತ್ತಿದ್ದರು.

ಹಾಗಾಗಿ ನನ್ನ ಕಟ್ಟುನಿಟ್ಟಿನ ಮಾತು: ದೊಡ್ಡ ಕಾಲುವೆಯ ಕಡೆಗೆ ಕಿಟಕಿ ಇರುವ ಕೊಠಡಿ ಸಿಕ್ಕರೆ ಮಾತ್ರ ಗ್ರಿಟ್ಟಿ. ಹೋಟೆಲಿನ ಪಕ್ಕದ ಪುಟ್ಟ ಚೌಕದ ಕಡೆಗೋ ಕಿರುಕಾಲುವೆಯ ಕಡೆಗೋ ಮುಖ ಮಾಡಿದ ಕೊಠಡಿಗೆ ಅಷ್ಟು ದುಡ್ಡು ಸುರಿಯುವುದಾದರೆ ಬಾಸೆಲ್‌ನವರ ಮಾತು ಕೇಳಿ.

ಮ್ಯೂನಿಕ್‌ನ ಮಗಳು:
ಜಿಲ್ಯೊ ವಿಷಯ ತಿಳಿದು ನೆಮ್ಮದಿಯಾಯಿತು. ಇನ್ನೆರಡು ಪ್ರಶ್ನೆ. ನವೆಂಬರ್‌ನಲ್ಲಿ ಊರಿಗೆ ನೀರು ನುಗ್ಗುತ್ತದಂತೆ? ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಊಟಕ್ಕೇನು ಮಾಡಲಿ?

ಪಾದುವಾದ ಸೊಸೆ:
2019ರ ನವೆಂಬರ್‌ನಲ್ಲಿ ನೀರು ಉಬ್ಬರದ ಅಳತೆಗೋಲಿನಲ್ಲಿ 187 ಸೆಂಟಿಮೀಟರ್ ಮುಟ್ಟಿತ್ತು, ಅದು ಬೀದಿಯಲ್ಲಿ ನಿಂತ ನೀರಿನ ಆಳವಲ್ಲ. ಆಗಿನ ಭಯ ಈಗ ಬೇಡ. ಲಗೂನಿಗೆ, ಅಂದರೆ ಊರನ್ನು ಸುತ್ತುವರಿದ ಹಿನ್ನೀರಿಗೆ, ಸಮುದ್ರ ಬಂದು ಸೇರುವ ಮೂರು ಬಾಯಿಗಳಲ್ಲಿ 'ಮೋಸೆ' ಎಂಬ 78 ಗೇಟುಗಳನ್ನು ಹಾಕಿದ್ದಾರೆ. 2020ರ ಅಕ್ಟೋಬರ್‌ನಿಂದ ಉಬ್ಬರ ಜೋರಾಗುವಂತಿದ್ದರೆ ಅವನ್ನು ಎತ್ತುತ್ತಾರೆ. ಸಾಮಾನ್ಯವಾಗಿ 110 ಸೆಂಟಿಮೀಟರಿನ ಮುನ್ಸೂಚನೆ ಇದ್ದರೆ ಮಾತ್ರ ಎತ್ತುವುದರಿಂದ, ತಗ್ಗಿನಲ್ಲಿರುವ ಸಾನ್ ಮಾರ್ಕೊದಲ್ಲಿ ಪಾದ ಮುಳುಗುವಷ್ಟು ನೀರು ಈಗಲೂ ನಿಲ್ಲಬಹುದು. ಅಮ್ಮನಿಗೆ ಸೀರೆಯ ಬದಲು ಚೂಡಿದಾರ ತರಲು ಹೇಳಿ.

ಊಟದಲ್ಲಿ ಮೋಸ ಹೋಗುವುದು 'ಬಿಗೋಲಿ ಇನ್ ಸಾಲ್ಸಾ' ಎಂಬ ಶಾವಿಗೆಯಲ್ಲಿ. ನೋಡಲು ಬರೀ ಈರುಳ್ಳಿ, ಒಳಗೆ ಕರಗಿರುವುದು ಮೀನು. ರಿಸೊತ್ತೊ ತರಿಸುವುದಾದರೆ ಅನ್ನ ಬೇಯಿಸಿದ್ದು ತರಕಾರಿ ಸಾರಿನಲ್ಲೋ ಮಾಂಸದ ಸಾರಿನಲ್ಲೋ ಎಂದು ಕೇಳಿ. ಹೊಸದಾಗಿ ಮಾಡುವ ಪಾಸ್ತಾ ಹಿಟ್ಟಿಗೆ ಮೊಟ್ಟೆ ಹಾಕುವುದೇ ಹೆಚ್ಚು, ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆಯದು. ಅಣಬೆಯ ಜೊತೆ ಕೊಡುವ ಪೊಲೆಂತಾ, ಅಂದರೆ ಮೆಕ್ಕೆಜೋಳದ ಮುದ್ದೆ, ಅವರಿಗೆ ಹಿಡಿಸಬಹುದು. ಅತ್ತೆ ಮಾತ್ರ ಉಪ್ಪಿನಕಾಯಿ ಹೊರಗೆ ತೆಗೆದ ಮೇಲೆಯೇ ಅದನ್ನು ಒಪ್ಪಿಕೊಂಡದ್ದು.

ಸಾಧ್ಯವಾದರೆ ನವೆಂಬರ್ 21ಕ್ಕೆ ಅಲ್ಲಿರುವಂತೆ ಬನ್ನಿ. 1630ರ ಪ್ಲೇಗಿನ ಕಾಲದಲ್ಲಿ ಹರಕೆ ಹೊತ್ತು ಕಟ್ಟಿಸಿದ ಸಲೂತೆ ಚರ್ಚಿಗೆ ಊರಿಗೆ ಊರೇ ಅಂದು ಮೇಣದಬತ್ತಿ ಹಚ್ಚಲು ಹೋಗುತ್ತದೆ. ಹೋಟೆಲಿನ ಪಕ್ಕದಿಂದಲೇ ಕಾಲುವೆಯ ಮೇಲೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಚರ್ಚಿನ ಮುಂದೆ ಮೆಟ್ಟಿಲುಗಳಿವೆ, ಅಮ್ಮನಿಗೆ ಆಗದಿದ್ದರೆ ಕೆಳಗಿನ ಜಾತ್ರೆ ನೋಡಿದರೂ ಆಯಿತು. ಹಬ್ಬದ ವಿಶೇಷವೆಂದು ಯಾರಾದರೂ 'ಕಾಸ್ತ್ರಾದೀನಾ' ಕೊಡಲು ಬಂದರೆ ಮಾತ್ರ ಬೇಡವೆನ್ನಿ, ಅದು ಎಲೆಕೋಸು ಹಾಕಿದ ಕುರಿಮಾಂಸದ ಸಾರು.

ಬಾಸೆಲ್‌ವಾಸಿ:
ಮಂಡಿಯ ವಿಚಾರ ನನಗೆ ಹೊಳೆದಿರಲಿಲ್ಲ. ಆದರೂ ಎರಡನೇ ರಾತ್ರಿಗೆ ಮೆಸ್ತ್ರೆಯನ್ನೇ ನೋಡಿ, ಕಾಂಪೌಂಡಿನ ಒಂದು ಗೋಡೆಯಾದರೂ ಏಳುತ್ತದೆ.